ತಾನಾಗಿ ಆಫ್ ಆಗದ ಇಂಡಿಕೇಟರ್: ಹಳೆಯ ಸ್ಪೋರ್ಟ್ಸ್ ಕಾರಿಗೆ ಯಾವ ರಿಪೇರಿ ಸರಿ?

ಎಡಕ್ಕೆ ತಿರುಗಿ ಅರ್ಧ ಮೈಲಿ ಬಂದಿದ್ದೆ. ಮುಂದೆ ಎಡಗಡೆಯಿಂದ ಒಂದು ಸಣ್ಣ ರಸ್ತೆ ಬಂದು ಸೇರುತ್ತಿತ್ತು. ಅಲ್ಲಿ ಕಾಯುತ್ತಿದ್ದ ವ್ಯಾನು ಆರಾಮಾಗಿ ನನ್ನ ಮುಂದಕ್ಕೇ ಬಂದುಬಿಟ್ಟಿತು. ಬ್ರೇಕ್ ಒತ್ತಿದೆ, ಹಾರ್ನ್ ಒತ್ತಿದೆ, ಕಾರು ಹೇಗೋ ನಿಂತಿತು. ಆಮೇಲೆ ಕಣ್ಣು ಡ್ಯಾಶ್‌ಬೋರ್ಡಿಗೆ ಹೋಯಿತು. ಹಸಿರು ಬಾಣ ಇನ್ನೂ ಮಿಣುಕುತ್ತಲೇ ಇತ್ತು. ವ್ಯಾನಿನವನದು ಏನೂ ತಪ್ಪಿಲ್ಲ. ನಾನು ಅದೇ ರಸ್ತೆಗೆ ತಿರುಗುತ್ತೇನೆ ಅಂತ ನನ್ನ ಕಾರೇ ಅವನಿಗೆ ಹೇಳಿತ್ತು.

ನನ್ನದು 1971ರ, ಟಾಪ್ ತೆಗೆಯಬಹುದಾದ ಎರಡು ಸೀಟಿನ ಎಂಜಿಬಿ ರೋಡ್‌ಸ್ಟರ್. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಜಾಸ್ತಿ ಎಂಜಿಬಿಗಳು ತಯಾರಾದವು. ಇವತ್ತೂ ಇಂಗ್ಲೆಂಡಿನ ಹಳ್ಳಿ ರಸ್ತೆಗಳಲ್ಲಿ ಕಾಣುತ್ತವೆ. ಇಂಥ ಕಾರುಗಳಲ್ಲಿ ಇಂಡಿಕೇಟರ್ ತಾನಾಗಿ ಆಫ್ ಆಗದಿದ್ದರೆ ಮಾಮೂಲಿ ಕಾರಿಗಿಂತ ಅಪಾಯ ಜಾಸ್ತಿ. ಟಾಪ್ ತೆಗೆದು ಓಡಿಸುವಾಗ ಗಾಳಿ ಮತ್ತು ಸೈಲೆನ್ಸರ್ ಸದ್ದಿನಲ್ಲಿ ಇಂಡಿಕೇಟರ್ ಮಿಣುಕಿಸುವ ಫ್ಲಾಶರ್‌ನ ಟಿಕ್ ಟಿಕ್ ಕೇಳುವುದೇ ಇಲ್ಲ. ಬಿಸಿಲು ನೇರ ಡ್ಯಾಶ್ ಮೇಲೆ ಬೀಳುತ್ತದೆ, ಹಸಿರು ಲೈಟು ಕಾಣುವುದಿಲ್ಲ. ಇಂಡಿಕೇಟರ್ ಹಾಕುವ ಲಿವರ್ ಕೈಕೊಟ್ಟರೆ ನಮಗೆ ಹೇಳುವವರು ಯಾರೂ ಇಲ್ಲ.

ಇದನ್ನು ಸರಿ ಮಾಡಲು ನಾಲ್ಕೈದು ದಾರಿಗಳಿವೆ. ಬಹಳ ಜನ ನೇರವಾಗಿ ಹೊಸ ಸ್ವಿಚ್ ತರಿಸುತ್ತಾರೆ. ನಾನೂ ಹಾಗೇ ಮಾಡಿದೆ. ಅದು ಬಂದು, ಹಾಕಿ, ಮತ್ತೆ ಆಫ್ ಆಗದೇ ಇದ್ದಾಗ ಗೊತ್ತಾಯಿತು, ಕಾಯಿಲೆ ಸ್ವಿಚ್ಚಿನಲ್ಲಿ ಇರಲೇ ಇಲ್ಲ. ಅದಕ್ಕೇ ಮೊದಲು ಒಳಗೆ ಏನು ನಡೆಯುತ್ತದೆ ಅಂತ ನೋಡೋಣ. ಅದು ತಿಳಿದರೆ ಯಾವ ದಾರಿ ನಿಮ್ಮ ಕಾರಿಗೆ ಅನ್ನುವುದು ಅರ್ಧ ಅಲ್ಲೇ ತೀರ್ಮಾನವಾಗುತ್ತದೆ.

ಒಂದು ಉಬ್ಬು, ಎರಡು ನಾಲಿಗೆ

ಸ್ಟೇರಿಂಗ್ ಕೆಳಗಿನ ಕವರ್ ಬಿಚ್ಚಿದರೆ ಎರಡು ವಸ್ತು ಕಾಣುತ್ತವೆ. ಒಂದು, ಸ್ಟೇರಿಂಗ್ ಜೊತೆ ತಿರುಗುವ ಕ್ಯಾಮ್. ಅಂದರೆ ಶಾಫ್ಟಿನ ಮೇಲೆ ಕೂತಿರುವ ಒಂದು ಬಳೆ, ಅದರ ಮೇಲೊಂದು ಉಬ್ಬು. ಇನ್ನೊಂದು, ಅಲುಗಾಡದೆ ಕಾಲಮ್ಮಿಗೆ, ಅಂದರೆ ಆ ಶಾಫ್ಟಿನ ಸುತ್ತ ಇರುವ ತಿರುಗದ ಕೊಳವೆಗೆ, ಬಿಗಿದಿರುವ ಸ್ವಿಚ್. ಸ್ವಿಚ್ಚಿನಿಂದ ಎರಡು ಪುಟ್ಟ ನಾಲಿಗೆಗಳು ಕ್ಯಾಮ್ ಕಡೆಗೆ ಚಾಚಿರುತ್ತವೆ.

ಎಡಕ್ಕೆ ಇಂಡಿಕೇಟರ್ ಹಾಕಿದಾಗ ಒಂದು ನಾಲಿಗೆ ಕ್ಯಾಮ್ ಓಡಾಡುವ ದಾರಿಗೆ ಬರುತ್ತದೆ. ಸ್ಟೇರಿಂಗ್ ಎಡಕ್ಕೆ ತಿರುಗಿಸುತ್ತೀರಿ, ಉಬ್ಬು ಬಂದು ನಾಲಿಗೆಗೆ ತಾಗುತ್ತದೆ, ನಾಲಿಗೆ ಬಾಗಿ ದಾರಿ ಬಿಡುತ್ತದೆ. ಆಗ ಒಂದು ಸಣ್ಣ ‘ಟಕ್’ ಕೇಳುತ್ತದೆ. ತಿರುವು ಮುಗಿದು ಸ್ಟೇರಿಂಗ್ ವಾಪಸ್ ಬರುವಾಗ ಅದೇ ಉಬ್ಬು ನಾಲಿಗೆಯ ಇನ್ನೊಂದು ಮೈಗೆ ತಾಗುತ್ತದೆ. ಆ ಕಡೆಯಿಂದ ನಾಲಿಗೆ ಬಾಗುವುದಿಲ್ಲ. ಉಬ್ಬು ಅದನ್ನು ತಳ್ಳುತ್ತದೆ, ಲಿವರ್ ನಡುವಿಗೆ ಬರುತ್ತದೆ. ಇಷ್ಟೇ. ಕರೆಂಟಿಗೂ ಇದಕ್ಕೂ ಸಂಬಂಧವೇ ಇಲ್ಲ, ಪೂರ್ತಿ ಮೆಕ್ಯಾನಿಕಲ್ ಕೆಲಸ. ಅಮೆರಿಕದ ಬ್ಯೂಯಿಕ್ ಕಾರುಗಳಲ್ಲಿ 1940ರಲ್ಲೇ ತಾನಾಗಿ ಆಫ್ ಆಗುವ ಇಂಡಿಕೇಟರ್ ಇತ್ತು. ಅಲ್ಲಿಂದ ಮುಂದೆ ಆಕಾರ ಎಷ್ಟೋ ಬದಲಾಯಿತು, ಕ್ಯಾಮ್ ಮತ್ತು ನಾಲಿಗೆಯ ಲೆಕ್ಕಾಚಾರ ಮಾತ್ರ ಹಾಗೇ ಉಳಿಯಿತು.

ಒಂದು ಮಾತು ಇಲ್ಲೇ ಹೇಳಬೇಕು. ಹೈವೇಯಲ್ಲಿ ಲೇನ್ ಬದಲಿಸುವಾಗ ಸ್ಟೇರಿಂಗ್ ತಿರುಗುವುದೇ ಸ್ವಲ್ಪ. ಉಬ್ಬು ನಾಲಿಗೆಯನ್ನು ದಾಟುವುದೇ ಇಲ್ಲ. ಚೆನ್ನಾಗಿರುವ ಸ್ವಿಚ್ ಕೂಡ ಆಗ ತಾನಾಗಿ ಆಫ್ ಆಗುವುದಿಲ್ಲ, ಕೈಯಲ್ಲೇ ಮಾಡಬೇಕು. ಅದನ್ನು ದೋಷ ಅಂದುಕೊಂಡು ಕಾರು ಬಿಚ್ಚಬೇಡಿ.

ಬಿಚ್ಚುವ ಮೊದಲು ಕಾಯಿಲೆ ಹಿಡಿಯಿರಿ

ಬ್ಯಾಟರಿ ವೈರ್ ಕಳಚಿ. ಮುಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದರೆ ಸ್ಟೇರಿಂಗ್ ಬೆರಳಲ್ಲೇ ತಿರುಗುತ್ತದೆ. ಸ್ಟೇರಿಂಗ್ ಲಾಕ್ ಇರುವ ಕಾರಾದರೆ ಕೀ ತಿರುಗಿಸಿ ಲಾಕ್ ಬಿಡಿಸಿಟ್ಟುಕೊಳ್ಳಿ. ಕಾಲಮ್ಮಿನ ಕವರ್ ಎರಡು ಹೋಳಾಗಿರುತ್ತದೆ, ನಾಲ್ಕಾರು ಸ್ಕ್ರೂ ತೆಗೆದರೆ ಬರುತ್ತದೆ. ಈಗ ಟಾರ್ಚ್ ಹಿಡಿದು ಲಿವರ್ ಹಾಕಿ, ಸ್ಟೇರಿಂಗ್ ನಿಧಾನ ತಿರುಗಿಸುತ್ತಾ ನೋಡಿ.

ಒಂದೇ ಕಡೆ ಆಫ್ ಆಗುತ್ತದೆ, ಇನ್ನೊಂದು ಕಡೆ ಇಲ್ಲ ಅಂದರೆ, ಒಂದೋ ಆ ಕಡೆಯ ನಾಲಿಗೆ ಮುರಿದಿದೆ ಅಥವಾ ಸವೆದಿದೆ, ಇಲ್ಲವೇ ಕ್ಯಾಮ್ ನಡುವಿನಲ್ಲಿ ಕೂತಿಲ್ಲ. ಎರಡೂ ಕಡೆ ಆಗುತ್ತಿಲ್ಲ ಅಂದರೆ ಕ್ಯಾಮ್ ಶಾಫ್ಟಿನ ಮೇಲೆ ಸುಮ್ನೆ ಜಾರುತ್ತಿದೆ, ಅಥವಾ ಕ್ಯಾಮ್ ಮತ್ತು ನಾಲಿಗೆ ನಡುವೆ ಅಂತರ ಜಾಸ್ತಿಯಾಗಿದೆ. ತಿರುವು ಮುಗಿಯುವ ಮೊದಲೇ ಆಫ್ ಆಗುತ್ತಿದ್ದರೆ ಕ್ಯಾಮ್ ಜಾಗ ತಪ್ಪಿದೆ ಅನ್ನುವುದು ಬಹುತೇಕ ಖಚಿತ. ಲಿವರ್ ಹಾಕಿದ ಕಡೆ ನಿಲ್ಲದೆ ವಾಪಸ್ ಬಂದುಬಿಡುತ್ತಿದ್ದರೆ ಸ್ವಿಚ್ ಒಳಗಿನ ಸ್ಪ್ರಿಂಗ್ ಅಥವಾ ಲಿವರನ್ನು ಹಿಡಿದು ನಿಲ್ಲಿಸುವ ಉಕ್ಕಿನ ಗುಂಡು ಹೋಗಿದೆ. ಮತ್ತೆ ಇದಕ್ಕೆ ಉಲ್ಟಾ ಒಂದಿದೆ: ಉಬ್ಬು ತಾಗುತ್ತಿದೆ, ನಾಲಿಗೆ ತಳ್ಳುತ್ತಿದೆ, ಆದರೂ ಲಿವರ್ ಅಲ್ಲಾಡುವುದಿಲ್ಲ. ಒಳಗಿನ ಹಳೇ ಗ್ರೀಸ್ ಅಂಟಾಗಿ ಗಟ್ಟಿಯಾಗಿರುತ್ತದೆ. ಐವತ್ತು ವರ್ಷದ ಗ್ರೀಸ್ ಅಲ್ವಾ!

ಇನ್ನೊಂದು ಪರೀಕ್ಷೆ ಮರೆಯಬೇಡಿ. ಸ್ಟೇರಿಂಗ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದ್ದರೆ ಕಾಲಮ್ಮಿನ ಮೇಲ್ತುದಿಯಲ್ಲಿ ಶಾಫ್ಟನ್ನು ಹಿಡಿದಿರುವ ಬಳೆ, ಅಂದರೆ ಬುಷ್, ಸವೆದಿದೆ. ಶಾಫ್ಟ್ ಒಂದು ಕಡೆಗೆ ವಾಲಿದರೆ ಕ್ಯಾಮ್ ಕೂಡ ನಾಲಿಗೆಯಿಂದ ದೂರ ಹೋಗುತ್ತದೆ. ಅಂಥ ಕಾರಿಗೆ ಎಷ್ಟು ಹೊಸ ಸ್ವಿಚ್ ಹಾಕಿದರೂ ಪ್ರಯೋಜನವಿಲ್ಲ.

ದುಡ್ಡು ಖರ್ಚಿಲ್ಲದ ದಾರಿ

ಸ್ವಿಚ್ಚನ್ನು ಕಾಲಮ್ಮಿಗೆ ಹಿಡಿದಿರುವ ಸ್ಕ್ರೂಗಳು ಸಡಿಲವಾಗಿದ್ದರೆ ಪ್ರತಿ ಸಲ ಉಬ್ಬು ತಳ್ಳಿದಾಗ ಇಡೀ ಸ್ವಿಚ್ ಹಿಂದಕ್ಕೆ ಸರಿಯುತ್ತದೆ. ಮೊದಲು ಅವನ್ನು ಬಿಗಿಯಿರಿ. ಎಷ್ಟೋ ಕಾರುಗಳು ಇಲ್ಲಿಗೇ ಸರಿಹೋಗುತ್ತವೆ.

ಆಮೇಲೆ ಸ್ಟೇರಿಂಗ್ ನೇರ ಇದೆಯಾ ನೋಡಿ. ನನ್ನ ಕಾರಿನ ಕಾಯಿಲೆ ಇದೇ ಆಗಿತ್ತು. ಹಿಂದಿನ ಮಾಲೀಕರು ವೀಲ್ ಅಲೈನ್‌ಮೆಂಟ್ ಮಾಡಿಸಿದ್ದರು. ಆಮೇಲೆ ಸ್ಟೇರಿಂಗ್ ಸೊಟ್ಟ ಕಂಡಿದೆ. ಯಾರೋ ಸ್ಟೇರಿಂಗ್ ತೆಗೆದು ಎರಡು ಹಲ್ಲು ಪಕ್ಕಕ್ಕೆ ಕೂರಿಸಿದ್ದಾರೆ. ನೋಡುವುದಕ್ಕೆ ನೇರ. ಆದರೆ ಶಾಫ್ಟ್ ತಿರುಗಿದ ಹಾಗೇ ಇದೆ, ಅದರ ಮೇಲಿನ ಕ್ಯಾಮ್ ಕೂಡ. ಶಾಫ್ಟಿನಲ್ಲಿ 36 ಹಲ್ಲಿದ್ದರೆ ಒಂದು ಹಲ್ಲಿಗೆ 10 ಡಿಗ್ರಿ. ಎರಡು ಹಲ್ಲು ಅಂದರೆ 20 ಡಿಗ್ರಿ. ಬಲಕ್ಕೆ ಹಾಕಿದ ಇಂಡಿಕೇಟರ್ ತಿರುವಿನ ಮಧ್ಯೆಯೇ ಆಫ್ ಆಗುತ್ತಿತ್ತು, ಎಡಗಡೆಯದು ಆಗುತ್ತಲೇ ಇರಲಿಲ್ಲ.

ಇದಕ್ಕೆ ಸರಿಯಾದ ರಿಪೇರಿ ಸ್ಟೇರಿಂಗಿನ ಹತ್ತಿರ ಇಲ್ಲ, ಚಕ್ರದ ಹತ್ತಿರ ಇದೆ. ರ್‍ಯಾಕಿನ ಎರಡು ತುದಿಯ ಟೈ ರಾಡುಗಳಲ್ಲಿ, ಅಂದರೆ ಸ್ಟೇರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಕಡ್ಡಿಗಳಲ್ಲಿ, ಒಂದನ್ನು ಎಷ್ಟು ಗಿಡ್ಡ ಮಾಡುತ್ತೀರೋ ಇನ್ನೊಂದನ್ನು ಅಷ್ಟೇ ಉದ್ದ ಮಾಡಬೇಕು. ಹಾಗೆ ಮಾಡಿದರೆ ಅಲೈನ್‌ಮೆಂಟ್ ಕೆಡುವುದಿಲ್ಲ, ಶಾಫ್ಟ್ ನಡುವಿಗೆ ಬರುತ್ತದೆ. ಆಮೇಲೆ ಸ್ಟೇರಿಂಗನ್ನು ಅದರ ಮೂಲ ಹಲ್ಲಿಗೆ ಕೂರಿಸಬಹುದು.

ಸ್ಟೇರಿಂಗ್ ತೆಗೆಯುವ ಬಗ್ಗೆ ಒಂದು ಎಚ್ಚರಿಕೆ. ತೆಗೆಯುವ ಮೊದಲು ಶಾಫ್ಟಿಗೂ ಸ್ಟೇರಿಂಗಿಗೂ ಸೇರಿದ ಹಾಗೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ನಟ್ಟನ್ನು ಪೂರ್ತಿ ತೆಗೆಯಬೇಡಿ. ಸಡಿಲ ಮಾಡಿ, ಎರಡು ಮೂರು ಸುತ್ತು ಹಾಗೇ ಬಿಡಿ. ವರ್ಷಗಟ್ಟಲೆ ಕಚ್ಚಿಕೊಂಡಿದ್ದ ಸ್ಟೇರಿಂಗ್ ಎಳೆದಾಗ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ನಟ್ಟು ಇಲ್ಲದಿದ್ದರೆ ಅದು ಬಂದು ಮುಖಕ್ಕೇ ಬಡಿಯುತ್ತದೆ. ಪಕ್ಕದ ಮನೆಯ ತಾತ ಒಬ್ಬರು, ಜೀವನವಿಡೀ ಗ್ಯಾರೇಜಿನಲ್ಲಿ ದುಡಿದವರು, ನನಗೆ ಇದನ್ನು ಹೇಳಿಕೊಟ್ಟರು. ಅವರ ಒಂದು ಮುಂದಿನ ಹಲ್ಲು ಅರ್ಧ ಮುರಿದಿದೆ.

ಹಳೆಯ ಸ್ವಿಚ್ ರಿಪೇರಿಯಾ, ಹೊಸದಾ?

ಕ್ಯಾಮ್ ಸರಿ ಇದೆ, ಸ್ಟೇರಿಂಗ್ ನೇರ ಇದೆ, ಸ್ವಿಚ್ಚೇ ಸವೆದಿದೆ ಅಂತಾದರೆ ಈಗ ನಿಜವಾದ ಆಯ್ಕೆ ಬರುತ್ತದೆ. ಮೂರು ದಾರಿ: ಹಳೆಯದನ್ನು ಬಿಚ್ಚಿ ಸರಿ ಮಾಡುವುದು, ಈಗ ತಯಾರಾಗುವ ನಕಲು ತರುವುದು, ಅಥವಾ ಆ ಕಾಲದ್ದೇ ಒರಿಜಿನಲ್ ಹುಡುಕುವುದು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಳೆಯ ಲೂಕಾಸ್ ಕಂಪನಿಯ ಒರಿಜಿನಲ್ ಸ್ವಿಚ್ ಪೂರ್ತಿ ಸುಟ್ಟುಹೋಗದಿದ್ದರೆ ಅದನ್ನೇ ರಿಪೇರಿ ಮಾಡಿ. ಅದರ ನಾಲಿಗೆಯ ಉದ್ದ, ಸ್ಪ್ರಿಂಗಿನ ಬಿಗಿ ನಿಮ್ಮ ಕಾಲಮ್ಮಿಗೆ ಅಂತಲೇ ಲೆಕ್ಕ ಹಾಕಿ ಮಾಡಿದ್ದು. ನಾನು ತರಿಸಿದ ಹೊಸ ನಕಲು ಹೊಳೆಯುತ್ತಿತ್ತು, ಆದರೆ ಹಳೆಯದರ ಪಕ್ಕ ಇಟ್ಟು ನೋಡಿದಾಗ ನಾಲಿಗೆ ಹೆಚ್ಚು ಕಡಿಮೆ ಒಂದು ಮಿಲಿಮೀಟರ್ ಗಿಡ್ಡ. ಈ ಕೆಲಸದಲ್ಲಿ ಒಂದು ಮಿಲಿಮೀಟರ್ ಅಂದರೆ ಬಹಳ ಆಯಿತು. ಎಲ್ಲ ನಕಲುಗಳೂ ಹೀಗೇ ಇರುತ್ತವೆ ಅಂತಲ್ಲ. ಗೆಳೆಯರೊಬ್ಬರು ಹಾಕಿಸಿದ್ದು ಇವತ್ತಿಗೂ ಚೆನ್ನಾಗಿದೆ. ಆದರೆ ಯಾವುದು ಹೇಗೆ ಬರುತ್ತದೆ ಅಂತ ಡಬ್ಬಿ ನೋಡಿ ಹೇಳಲಾಗುವುದಿಲ್ಲ. ಅದಕ್ಕೆ ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ, ಹಳೆಯದನ್ನು ಎಸೆಯಬೇಡಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ಅಳೆದ ಮೇಲೇ ಹಾಕಿ.

ರಿಪೇರಿ ಹೇಗೆ ಅಂದರೆ: ಸ್ವಿಚ್ಚಿನ ಎರಡು ಹೋಳನ್ನು ಹಿಡಿದಿರುವುದು ಸಣ್ಣ ಟೊಳ್ಳು ರಿವೆಟ್‌ಗಳು. ಅವುಗಳ ತಲೆಯನ್ನು ಡ್ರಿಲ್ ಮಾಡಿ ತೆಗೆಯಬೇಕು. ಮತ್ತೆ ಜೋಡಿಸುವಾಗ ಅದೇ ತೂತಿಗೆ ಸಣ್ಣ ಸ್ಕ್ರೂ ನಟ್ಟು ಹಾಕಬಹುದು. ಆದರೆ ಹೋಳು ಬಿಡಿಸುವ ಕೆಲಸವನ್ನು ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿಕೊಂಡು ಮಾಡಿ. ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಉಕ್ಕಿನ ಗುಂಡು, ಅದರ ಹಿಂದೆ ಕುಗ್ಗಿದ ಸ್ಪ್ರಿಂಗ್. ಮುಚ್ಚಳ ಎತ್ತಿದ ಕೂಡಲೇ ಎರಡೂ ಹಾರುತ್ತವೆ. ನನ್ನ ಮೊದಲ ಗುಂಡು ಗ್ಯಾರೇಜಿನ ಯಾವ ಮೂಲೆಯಲ್ಲಿದೆಯೋ ಇವತ್ತಿಗೂ ಸಿಕ್ಕಿಲ್ಲ, ಸೈಕಲ್ ಬೇರಿಂಗಿನ ಗುಂಡು ಅಳತೆ ನೋಡಿ ಹಾಕಿದೆ.

ಬಿಚ್ಚಿದ ಮೇಲೆ ಹಳೇ ಗ್ರೀಸನ್ನು ಒರೆಸಿ, ಕಾಂಟ್ಯಾಕ್ಟುಗಳನ್ನು ಸಣ್ಣ ಎಮರಿ ಕಾಗದದಿಂದ ಮೆಲ್ಲಗೆ ಉಜ್ಜಿ. ಗುಂಡು ಕೂರುವ ಗುಳಿ ಮತ್ತು ನಾಲಿಗೆ ಜಾರುವ ಜಾಗಕ್ಕೆ ಮಾತ್ರ ಸಿಲಿಕೋನ್ ಗ್ರೀಸ್, ಅದೂ ಬೆಂಕಿಕಡ್ಡಿಯ ತುದಿಯಷ್ಟು. ಪೆಟ್ರೋಲಿಯಂ ಗ್ರೀಸ್ ಕೆಲವು ಪ್ಲಾಸ್ಟಿಕ್‌ಗಳನ್ನು ಹಾಳು ಮಾಡುತ್ತದೆ. ನಾಲಿಗೆಯ ತುದಿ ಸವೆದಿದ್ದರೆ ತೆಳು ಹಿತ್ತಾಳೆ ತಗಡನ್ನು ಮಡಿಸಿ ಟೋಪಿ ಹಾಗೆ ಹಾಕಿ, ಎಪಾಕ್ಸಿ ಅಂಟಿನಿಂದ ಕೂರಿಸಿ, ಅರದಿಂದ ಉಜ್ಜಿ ಆಕಾರಕ್ಕೆ ತರಬಹುದು. ಬರೀ ಎಪಾಕ್ಸಿ ಹಚ್ಚಿ ಉಬ್ಬಿಸುವವರೂ ಇದ್ದಾರೆ. ನಾನು ಅದನ್ನೂ ಮಾಡಿ ನೋಡಿದೆ, ಒಂದು ಬೇಸಿಗೆಯಲ್ಲಿ ಉದುರಿತು. ಹಿತ್ತಾಳೆ ಟೋಪಿ ಮೂರು ವರ್ಷವಾಯಿತು, ಹಾಗೇ ಇದೆ. ನಾಲಿಗೆ ಬುಡದಲ್ಲೇ ಮುರಿದಿದ್ದರೆ ಮಾತ್ರ ಈ ಕಸರತ್ತು ಬೇಡ. ಪ್ರತಿ ತಿರುವಿನಲ್ಲೂ ಬಾಗಬೇಕಾದ ಜಾಗ ಅದು, ಅಂಟು ನಿಲ್ಲುವುದಿಲ್ಲ.

ಅಂಗಡಿಯ ಶೆಲ್ಫಿನಲ್ಲಿ ದಶಕಗಟ್ಟಲೆ ಕೂತಿದ್ದ ಹಳೆಯ ಒರಿಜಿನಲ್ ಸಿಕ್ಕಿದರೆ ಅದೃಷ್ಟ. ಬೆಲೆ ಜಾಸ್ತಿ ಇರುತ್ತದೆ, ಆದರೂ ನಾನು ನಕಲಿಗಿಂತ ಅದಕ್ಕೇ ದುಡ್ಡು ಕೊಡುತ್ತೇನೆ. ಬಳಸಿದ ಒರಿಜಿನಲ್ ಆದರೆ ನಾಲಿಗೆಯ ಹತ್ತಿರದ ಫೋಟೋ ಕೇಳಿ. ವರ್ಷ ಸರಿಯಾಗಿ ನೋಡಿಕೊಳ್ಳಿ. ಎಂಜಿಬಿಯಲ್ಲೇ ಹದಿನೆಂಟು ವರ್ಷದಲ್ಲಿ ಸ್ವಿಚ್ಚಿನ ರೂಪ ಹಲವು ಸಲ ಬದಲಾಗಿದೆ. ಸ್ಟೇರಿಂಗ್ ಎಡಕ್ಕಿರುವ ಕಾರಿನದು ಬೇರೆ, ಬಲಕ್ಕಿರುವುದರದು ಬೇರೆ. ಎಂಜಿಬಿಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು. ಅವುಗಳಲ್ಲಿ ಎಷ್ಟೋ ವಾಪಸ್ ಇಂಗ್ಲೆಂಡಿಗೆ ಬಂದು ಸ್ಟೇರಿಂಗ್ ಬಲಕ್ಕೆ ಬದಲಾಗಿದೆ. ಅಂಥ ಕಾರಿನಲ್ಲಿ ಯಾವ ಸ್ವಿಚ್ ಕೂತಿದೆ ಅಂತ ಕಣ್ಣಾರೆ ನೋಡದೆ ಆರ್ಡರ್ ಮಾಡಬೇಡಿ.

ಹೊರಗಿನ ಸ್ಟೇರಿಂಗ್ ಹಾಕಿಸಿದ್ದರೆ

ಮರದ ರಿಮ್ಮು, ಮೂರು ಅಲ್ಯೂಮಿನಿಯಂ ಕಡ್ಡಿ. ನೋಡಿದರೆ ಯಾರಿಗೆ ಆಸೆಯಾಗುವುದಿಲ್ಲ? ಆದರೆ ‘ಹೊಸ ಸ್ಟೇರಿಂಗ್ ಹಾಕಿಸಿದ ದಿನದಿಂದ ಇಂಡಿಕೇಟರ್ ಆಫ್ ಆಗುತ್ತಿಲ್ಲ’ ಅನ್ನುವ ದೂರು ಬಹಳ ಸಾಮಾನ್ಯ. ಹಲವು ಕಾರುಗಳಲ್ಲಿ ಕ್ಯಾಮ್ ಶಾಫ್ಟಿಗೆ ಬಿಗಿದಿರುವುದಿಲ್ಲ. ಒರಿಜಿನಲ್ ಸ್ಟೇರಿಂಗಿನ ಹಿಂಭಾಗದಲ್ಲಿ ಎರಡು ಕಿವಿ ಅಥವಾ ಕಡ್ಡಿ ಇದ್ದು, ಅವು ಕ್ಯಾಮನ್ನು ಹಿಡಿದು ತಿರುಗಿಸುತ್ತವೆ. ಹೊರಗಿನ ಸ್ಟೇರಿಂಗಿನ ಬಾಸ್, ಅಂದರೆ ಸ್ಟೇರಿಂಗನ್ನು ಶಾಫ್ಟಿಗೆ ಜೋಡಿಸುವ ಗಡ್ಡೆ, ಅದರಲ್ಲಿ ಆ ಕಡ್ಡಿಗಳು ಇಲ್ಲದಿದ್ದರೆ ಸ್ಟೇರಿಂಗ್ ತಿರುಗುತ್ತದೆ, ಕ್ಯಾಮ್ ನಿಂತಲ್ಲೇ ನಿಂತಿರುತ್ತದೆ. ಮಾಜ್ಡಾ ಮಿಯಾಟಾದಂಥ ಆಮೇಲಿನ ಕಾರಿನಲ್ಲೂ ಬಾಸಿನ ಕಚ್ಚಿಗೆ ಕ್ಯಾಮ್ ಸರಿಯಾಗಿ ಕೂರಲೇಬೇಕು. ಏರ್‌ಬ್ಯಾಗ್ ಇರುವ ಕಾರಾದರೆ ಸ್ಟೇರಿಂಗನ್ನು ನೀವೇ ತೆಗೆಯಲು ಹೋಗಬೇಡಿ, ತಿಳಿದವರ ಕೈಗೆ ಕೊಡಿ.

ಇಲ್ಲಿ ಸ್ವಿಚ್ ಬದಲಿಸುವುದು ವ್ಯರ್ಥ. ಬಾಸ್ ಬದಲಿಸಿ. ನಿಮ್ಮ ಕಾರಿನ ವರ್ಷಕ್ಕೆ ಹೊಂದುವ, ಕ್ಯಾಮಿಗೆ ಕಡ್ಡಿ ಇರುವ ಬಾಸ್ ಸಿಕ್ಕಿದರೆ ಅದೇ ಸುಲಭ. ಸಿಗದಿದ್ದರೆ ಇರುವ ಬಾಸಿನ ಹಿಂಭಾಗದಲ್ಲಿ ಎರಡು ತೂತು ಕೊರೆದು ಉಕ್ಕಿನ ಕಡ್ಡಿ ಕೂರಿಸಬಹುದು. ಬೆಂಗಳೂರಿನಲ್ಲಿ ಇಂಥ ಕಾರು ಇಟ್ಟುಕೊಂಡವರಿಗೆ ಇದು ದೊಡ್ಡ ವಿಷಯವಲ್ಲ, ಪೀಣ್ಯದ ಯಾವುದಾದರೂ ಲೇತ್ ಅಂಗಡಿಗೆ ಒರಿಜಿನಲ್ ಸ್ಟೇರಿಂಗ್ ಮತ್ತು ಹೊಸ ಬಾಸ್ ಎರಡನ್ನೂ ತೆಗೆದುಕೊಂಡು ಹೋಗಿ ತೋರಿಸಿದರೆ ಆಯಿತು. ಎತ್ತರವನ್ನೂ ಅಳೆಸಿ. ಬಾಸ್ ಎರಡು ಮಿಲಿಮೀಟರ್ ಮೇಲೆ ಕೂತರೂ ಕಡ್ಡಿ ಕ್ಯಾಮಿಗೆ ಎಟುಕುವುದಿಲ್ಲ. ಕೆಳಗೆ ಕೂತರೆ ಸ್ವಿಚ್ಚಿಗೆ ಉಜ್ಜುತ್ತದೆ.

ಟೈಮರ್ ಹಾಕಿದರೆ?

ಎಲೆಕ್ಟ್ರಾನಿಕ್ ಟೈಮರ್ ಕೇಳಲು ಚೆನ್ನಾಗಿದೆ. ಇಷ್ಟು ಸೆಕೆಂಡ್ ಆದ ಮೇಲೆ ಇಂಡಿಕೇಟರ್ ಕಟ್. ಆದರೆ ಎಂಜಿಬಿಯಂಥ ಕಾರಿಗೆ ನಾನು ಇದನ್ನು ಹೇಳುವುದಿಲ್ಲ. ಲಿವರ್ ಹಾಕಿದ ಕಡೆಯೇ ನಿಂತಿರುತ್ತದೆ, ಟೈಮರ್ ಕರೆಂಟ್ ಮಾತ್ರ ಕಡಿಯುತ್ತದೆ. ಲಿವರನ್ನು ಕೈಯಿಂದ ನಡುವಿಗೆ ತರಲೇಬೇಕು. ಮತ್ತೆ ಸಿಗ್ನಲ್ಲಿನಲ್ಲಿ ಎರಡು ನಿಮಿಷ ಬಲಕ್ಕೆ ತಿರುಗಲು ಕಾಯುತ್ತಿದ್ದೀರಿ ಅಂದುಕೊಳ್ಳಿ. ಬೇಕಾದ ಹೊತ್ತಿನಲ್ಲೇ ಅದು ಆಫ್ ಆಗಿರುತ್ತದೆ. ಆಫ್ ಆಗದ ಇಂಡಿಕೇಟರಿನಷ್ಟೇ ಅಪಾಯ ಅದೂ.

ಇನ್ನೊಂದು ತೊಡಕಿದೆ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಜೋಡಿಸಿದೆ. ಈಗಿನ ಟೈಮರ್‌ಗಳಲ್ಲಿ ಹೆಚ್ಚಿನವು ನೆಗೆಟಿವ್ ಅರ್ಥ್ ಕಾರಿಗೆ, ಅಂದರೆ ನೆಗೆಟಿವ್ ತುದಿ ಬಾಡಿಗೆ ಜೋಡಿಸಿರುವ ಕಾರಿಗೆ, ಮಾಡಿದ್ದು. ನೋಡದೆ ಜೋಡಿಸಿದರೆ ಸುಟ್ಟುಹೋಗುತ್ತದೆ.

ಟೈಮರ್ ಸರಿಹೋಗುವ ಕಾರುಗಳೂ ಇವೆ. ಲೋಟಸ್ ಸೆವೆನ್, 1958ರಿಂದ 1961ರವರೆಗಿನ ಕಪ್ಪೆಗಣ್ಣಿನ ಆಸ್ಟಿನ್-ಹೀಲಿ ಸ್ಪ್ರೈಟ್. ಇವುಗಳಲ್ಲಿ ಡ್ಯಾಶ್ ಮೇಲೆ ಬರೀ ಟಾಗಲ್ ಸ್ವಿಚ್, ತಾನಾಗಿ ಆಫ್ ಆಗುವ ವ್ಯವಸ್ಥೆ ಮೊದಲಿನಿಂದಲೂ ಇಲ್ಲ. ಅಲ್ಲಿ ಒತ್ತಿ ಬಿಡುವ ಬಟನ್ ಮತ್ತು ಟೈಮರ್ ಸೇರಿಸಿದರೆ ಇಲ್ಲದ ಸೌಕರ್ಯ ಸಿಕ್ಕಿದ ಹಾಗೆ. ಒಮ್ಮೆ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್, ಮರೆತರೆ ತಾನೇ ಆಫ್. ಎಂಜಿಎ ಕಾರಿನ ಕಥೆ ಇನ್ನೂ ಸೊಗಸು. 1955ರಿಂದ 1962ರವರೆಗೆ ಬಂದ ಆ ಕಾರಿನ ಇಂಡಿಕೇಟರ್ ಸ್ವಿಚ್ ಡ್ಯಾಶ್ ಮೇಲಿದೆ, ಅದರ ಬೆನ್ನಿಗೆ ಗಾಳಿಯಿಂದ ನಡೆಯುವ ಟೈಮರ್. ಲಿವರ್ ತಿರುಗಿಸಿದಾಗ ಒಳಗಿನ ರಬ್ಬರ್ ಪೊರೆ ಎಳೆದುಕೊಳ್ಳುತ್ತದೆ, ಸಣ್ಣ ತೂತಿನಿಂದ ಗಾಳಿ ನಿಧಾನವಾಗಿ ಹಾಯ್ದು, ಕೆಲವು ಸೆಕೆಂಡಿನ ಮೇಲೆ ಲಿವರ್ ನಡುವಿಗೆ ಬರುತ್ತದೆ. ಪೊರೆ ಹರಿದರೆ ಲಿವರ್ ಹಾಕಿದ ಕೂಡಲೇ ವಾಪಸ್, ತೂತು ಕಟ್ಟಿಕೊಂಡರೆ ಬರುವುದೇ ಇಲ್ಲ. ಆ ಕಾರಿನ ಡಬ್ಬಿಯೊಳಗೆ ಎಲೆಕ್ಟ್ರಾನಿಕ್ ಟೈಮರ್ ಅಡಗಿಸಿಡುವುದರಲ್ಲಿ ನನಗೆ ಯಾವ ಬೇಸರವೂ ಇಲ್ಲ. ಮೂಲದಲ್ಲೇ ಅದು ಸಮಯದ ಲೆಕ್ಕದಲ್ಲಿ ನಡೆಯುವ ಸ್ವಿಚ್ ತಾನೇ.

ಯಾವ ದಾರಿ ಹಿಡಿದರೂ ಬಜರ್ ಹಾಕಿ

ರಿಪೇರಿಗೆ ಪುರುಸೊತ್ತಿಲ್ಲ, ಈ ವಾರವೇ ಕಾರು ಹೊರಗೆ ತೆಗೆಯಬೇಕು ಅನ್ನುವವರಿಗೂ, ಎಲ್ಲ ಸರಿ ಮಾಡಿಸಿದವರಿಗೂ ನಾನು ಇದನ್ನು ಹೇಳುತ್ತೇನೆ. 12 ವೋಲ್ಟಿನ ಒಂದು ಪುಟ್ಟ ಬಜರ್, ಎರಡು 1ಎನ್4007 ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಭಾಗಗಳು. ಬೆಂಗಳೂರಿನಲ್ಲಾದರೆ ಎಸ್‌.ಪಿ. ರೋಡಿನ ಅಂಗಡಿಗಳಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ಡ್ಯಾಶ್‌ನ ಎಡ ಹಸಿರು ಲೈಟಿನ ವೈರಿನಿಂದ ಒಂದು ಡಯೋಡ್, ಬಲದ್ದರಿಂದ ಇನ್ನೊಂದು, ಎರಡೂ ಬಜರಿನ ಪ್ಲಸ್ ತುದಿಗೆ. ಬಜರಿನ ಮೈನಸ್ ಬಾಡಿಗೆ. ಡಯೋಡ್ ಬಿಟ್ಟು ನೇರ ಜೋಡಿಸಿದರೆ ಎಡ ಬಲ ಎರಡೂ ಒಂದಾಗಿ, ಒಂದು ಕಡೆ ಹಾಕಿದರೆ ನಾಲ್ಕೂ ದೀಪ ಮಿಣುಕುತ್ತವೆ. ಪಾಸಿಟಿವ್ ಅರ್ಥ್ ಕಾರಿನಲ್ಲಿ ಡಯೋಡ್ ಮತ್ತು ಬಜರ್ ಎರಡನ್ನೂ ತಿರುಗಿಸಿ ಜೋಡಿಸಬೇಕು.

ಇದರಿಂದ ಇಂಡಿಕೇಟರ್ ತಾನಾಗಿ ಆಫ್ ಆಗುವುದಿಲ್ಲ, ನಿಜ. ಆದರೆ ಮರೆಯಲು ಬಿಡುವುದಿಲ್ಲ. ಕಾರಿಗೆ ಒಂದು ತೂತೂ ಕೊರೆಯಬೇಕಾಗಿಲ್ಲ, ಬೇಡವಾದರೆ ಐದು ನಿಮಿಷದಲ್ಲಿ ತೆಗೆಯಬಹುದು. ಬಲ್ಬ್ ಬದಲು ಎಲ್‌ಇಡಿ ಹಾಕುವ ಯೋಚನೆ ಇದ್ದರೆ ಒಂದು ಮಾತು: ಹಳೆಯ ಫ್ಲಾಶರ್ ಡಬ್ಬಿ ಒಳಗಿನ ತಂತಿ ಬಿಸಿಯಾಗಿ ನಡೆಯುವಂಥದ್ದು. 21 ವ್ಯಾಟಿನ ಎರಡು ಬಲ್ಬ್ ಎಳೆಯುವ ಮೂರೂವರೆ ಆಂಪಿಯರ್ ಅದಕ್ಕೆ ಬೇಕು. ಎಲ್‌ಇಡಿಗೆ ಅದು ಮಿಣುಕುವುದೇ ಇಲ್ಲ, ಎಲೆಕ್ಟ್ರಾನಿಕ್ ಫ್ಲಾಶರ್ ಹಾಕಬೇಕಾಗುತ್ತದೆ.

ಮನೆಯಲ್ಲಿ ಕೈ ಹಾಕಬಾರದ ಕಾರುಗಳು

ಟ್ರಯಂಫ್ ಟಿಆರ್2, ಟಿಆರ್3 ಮತ್ತು ದೊಡ್ಡ ಆಸ್ಟಿನ್-ಹೀಲಿಗಳಲ್ಲಿ ಇಂಡಿಕೇಟರ್ ಲಿವರ್ ಇರುವುದು ಸ್ಟೇರಿಂಗಿನ ನಟ್ಟ ನಡುವೆ, ಹಾರ್ನ್ ಬಟನ್ನಿನ ಜೊತೆ. ಸ್ಟೇರಿಂಗ್ ತಿರುಗಿದರೂ ಆ ತಲೆ ತಿರುಗುವುದಿಲ್ಲ. ಅದನ್ನು ಹಿಡಿದಿರುವುದು ಕಾಲಮ್ಮಿನ ಒಳಗಿನಿಂದ ಸ್ಟೇರಿಂಗ್ ಬಾಕ್ಸಿನ ತುದಿವರೆಗೆ ಹೋಗುವ ಒಂದು ಉದ್ದ ಕೊಳವೆ. ವೈರುಗಳೂ ಅದರೊಳಗೇ. ಕೆಳಗಿನ ನಟ್ಟು ಸಡಿಲಿಸಿದರೆ ಬಾಕ್ಸಿನ ಆಯಿಲ್ ಸೋರುತ್ತದೆ, ಕೊಳವೆ ಸರಿಯಾಗಿ ಕೂರದಿದ್ದರೆ ತಲೆಯೇ ಸ್ಟೇರಿಂಗ್ ಜೊತೆ ಸುತ್ತಿ ವೈರ್ ಕಿತ್ತುಬರುತ್ತದೆ. ಇದನ್ನೇ ಕಸುಬಾಗಿ ಮಾಡುವವರಿಗೆ ಕಳಿಸಿ ಮಾಡಿಸುವುದು ಒಳ್ಳೆಯದು. ಅಲ್ಲಿಯವರೆಗೆ ಬಜರ್ ಸಾಕು.

1969ರ ನಂತರದ ಹಳೆಯ ಕಾರ್ವೆಟ್, ಅಮೆರಿಕದ ಸ್ಪೋರ್ಟ್ಸ್ ಕಾರು, ಇವುಗಳಷ್ಟು ಕಷ್ಟವಲ್ಲ, ಆದರೆ ಒಂದು ವಿಶೇಷ ಟೂಲ್ ಬೇಕೇ ಬೇಕು. ಸ್ಟೇರಿಂಗ್ ಕೆಳಗಿನ ಲಾಕ್ ಪ್ಲೇಟನ್ನು ಗಟ್ಟಿ ಸ್ಪ್ರಿಂಗ್ ಮೇಲಕ್ಕೆ ಒತ್ತಿಕೊಂಡಿರುತ್ತದೆ. ಪ್ಲೇಟನ್ನು ಅದುಮಿ ಹಿಡಿದರೆ ಮಾತ್ರ ಅದರ ಮೇಲಿನ ರಿಂಗ್ ತೆಗೆಯಬಹುದು. ಸ್ಕ್ರೂ ಡ್ರೈವರ್ ಹಾಕಿ ಮೀಟಬೇಡಿ. ಕೆಳಗಿರುವ ಪ್ಲಾಸ್ಟಿಕ್ ಕ್ಯಾಮ್ ಮುರಿದಿದ್ದರೆ ಅದೊಂದನ್ನೇ ಬದಲಿಸಿ, ಕಡಿಮೆ ಖರ್ಚು. ಸ್ವಿಚ್ಚಿನ ಸಣ್ಣ ತಂತಿ ಸ್ಪ್ರಿಂಗ್ ಮುರಿದಿದ್ದರೆ ಪೂರ್ತಿ ಸ್ವಿಚ್ ಬದಲಿಸಬೇಕು. ಆಗ ಹಳೆಯ ವೈರಿನ ಕೆಳತುದಿಗೆ ಗಟ್ಟಿ ದಾರ ಕಟ್ಟಿ ಮೇಲಕ್ಕೆ ಎಳೆಯಿರಿ, ಅದೇ ದಾರದಿಂದ ಹೊಸ ವೈರನ್ನು ಕೆಳಕ್ಕೆ ಇಳಿಸಬಹುದು.

ಕೆಲಸ ಮುಗಿದ ಮೇಲೆ ಕಾಲಮ್ಮಿನ ಕವರನ್ನು ಕೂಡಲೇ ಹಾಕಬೇಡಿ. ಬೆಳಗ್ಗೆ ಬೇಗ, ಯಾವುದಾದರೂ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ. ಎಡಕ್ಕೆ ಐದು ತಿರುವು, ಬಲಕ್ಕೆ ಐದು, ಆಮೇಲೆ ಸುತ್ತು ಹಾಕುತ್ತಾ ನಿಧಾನ ಮತ್ತು ಜೋರು ಎರಡೂ. ‘ಟಕ್’ ಎರಡು ಸಲ ಕೇಳಬೇಕು, ಹೋಗುವಾಗ ಒಂದು, ಬರುವಾಗ ಒಂದು. ಹತ್ತಕ್ಕೆ ಹತ್ತೂ ಸರಿ ಬಂದರೆ ಕವರ್ ಹಾಕಿ, ಸ್ಟೇರಿಂಗ್ ನಟ್ಟನ್ನು ಮ್ಯಾನ್ಯುಯಲ್ಲಿನಲ್ಲಿ ಹೇಳಿದ ಬಿಗಿಗೆ ಇನ್ನೊಮ್ಮೆ ನೋಡಿ.